ಒಂದೇ ಮೇಜು, ಹಲವು ಒಲೆ

ಪಂಕ್ತಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಮುಖಗಳುಂಟು. ಸಾಲಾಗಿ ಕುಳಿತು ಒಟ್ಟಿಗೆ ಉಣ್ಣುವವರೆಲ್ಲ ಒಂದು ಪಂಕ್ತಿಯವರು. ಹಾಗೆ ನೋಡಿದರೆ ಪಂಕ್ತಿ ಕೂಡಿಸುತ್ತದೆ. ಆದರೆ ಆ ಸಾಲಿನಲ್ಲಿ ಯಾರು ಕೂಡಬಾರದು ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಎಲೆ ಹಾಸುವುದು ಹಿಂದಿನ ಪದ್ಧತಿ. ಹಾಗೆ ನೋಡಿದರೆ ಅದು ಅಗಲಿಸುತ್ತದೆ ಕೂಡ. ಕಳೆದ ಶತಮಾನದ ಮೊದಲ ಭಾಗದಲ್ಲಿ ನಮ್ಮ ಊರುಗಳಲ್ಲಿ ಕಾಫಿ ಹೋಟೆಲುಗಳು ತಲೆಯೆತ್ತಿದಾಗ ಹಿರಿಯರು ಗಾಬರಿಗೊಂಡದ್ದು ಕಾಫಿಯ ಕಹಿಗಿಂತ ಹೆಚ್ಚಾಗಿ, ಪಕ್ಕದ ಬೆಂಚಿನಲ್ಲಿ ಕುಳಿತವನು ಯಾರೋ ಎಂಬ ಸಂಶಯಕ್ಕೆ. ಬ್ರಾಹ್ಮಣರಿಗೆಂದು ಬೇರೆ ಕೋಣೆಯನ್ನು ಇಟ್ಟಿದ್ದ ಹೋಟೆಲುಗಳು ಎಷ್ಟೋ ಇದ್ದವು. ಕಾಸು ಕೊಟ್ಟವನಿಗೆಲ್ಲ ಒಂದೇ ಲೋಟ, ಒಂದೇ ಬೆಂಚು ಎಂಬ ನಿಯಮ ವ್ಯಾಪಾರದ ಬಲದಿಂದಲೂ ಕಾಲದ ಒತ್ತಡದಿಂದಲೂ ಮೆಲ್ಲಮೆಲ್ಲನೆ ಸ್ಥಿರಪಟ್ಟಿತು.

ಒಟ್ಟಿಗೆ ಉಣ್ಣುವ ಇದೇ ಪ್ರಶ್ನೆಗೆ ಇನ್ನೊಂದು ಊರು ಇನ್ನೊಂದು ಬಗೆಯ ಉತ್ತರವನ್ನು ಕಂಡುಕೊಂಡಿದೆ. ಆ ಊರು ಸಿಂಗಪುರ. ನನ್ನ ಮಗಳು ಅಲ್ಲಿ ಸಂಸಾರ ಹೂಡಿರುವುದರಿಂದ ಎರಡು ಸಲ, ಒಂದೊಂದು ಸಲವೂ ಕೆಲವು ವಾರಗಳ ಕಾಲ, ಅಲ್ಲಿರುವ ಅವಕಾಶ ನನಗೆ ದೊರೆಯಿತು. ಮುಗಿಲು ಮುಟ್ಟುವ ಕಟ್ಟಡಗಳ ಸಮಾಚಾರವನ್ನು ಹೋಗಿ ಬಂದವರೆಲ್ಲ ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ಆ ಕಟ್ಟಡಗಳ ಬುಡದಲ್ಲಿ, ಸಾಮಾನ್ಯ ಜನ ನಾಲ್ಕೈದು ಡಾಲರಿಗೆ ಹೊಟ್ಟೆ ತುಂಬಿಸಿಕೊಳ್ಳುವ ಸ್ಥಳಗಳ ವಿಷಯ. ಚೀನದಿಂದ ಜಾವಾದವರೆಗೆ, ಮಲಯದಿಂದ ತಮಿಳುನಾಡಿನವರೆಗೆ ಹರಡಿರುವ ಏಷ್ಯಾದ ಅಡಿಗೆಗಳೆಲ್ಲ ಒಂದು ಮಾಡಿನ ಕೆಳಗೆ ಅಲ್ಲಿ ಸಿಕ್ಕುತ್ತವೆ. ಅಷ್ಟು ಅಗ್ಗವಾಗಿ ಅವು ಹೇಗೆ ಸಿಕ್ಕುತ್ತವೆ, ಉಳಿದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯೂ ತಟ್ಟೆಯ ಜೊತೆಯಲ್ಲಿಯೇ ಬಂದು ಕೂಡುತ್ತದೆ.

ಅಲ್ಲಿಯವರು ಈ ಸ್ಥಳಗಳನ್ನು ಹಾಕರ್ ಸೆಂಟರ್ ಎನ್ನುತ್ತಾರೆ. ಹಾಕರ್ ಎಂದರೆ ಬೀದಿಯಲ್ಲಿ ಕೂಗಿ ಮಾರುವವನು. ನಮ್ಮ ಅರ್ಥದ ಹೋಟೆಲು ಇದಲ್ಲ. ಇಲ್ಲಿ ಮಾಣಿಯಿಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನನಿಲ್ಲ, ಬಾಗಿಲೇ ಇಲ್ಲ. ಗೋಡೆಗಳಿಲ್ಲದ ಒಂದು ದೊಡ್ಡ ಮಂಟಪವನ್ನು ಊಹಿಸಿಕೊಳ್ಳಿ. ಅದರ ಅಂಚಿನುದ್ದಕ್ಕೂ, ನಡುನಡುವೆಯೂ, ನಮ್ಮ ಮನೆಗಳ ದೇವರ ಕೋಣೆಗಿಂತ ತುಸು ದೊಡ್ಡದಾದ ಮಳಿಗೆಗಳು. ಒಂದೊಂದರಲ್ಲಿ ಒಂದು ಒಲೆ, ಒಬ್ಬರೋ ಇಬ್ಬರೋ ಮನುಷ್ಯರು, ಮುಂದುಗಡೆ ಒಂದು ನಂಬರು. ಮಧ್ಯದಲ್ಲಿ ನೆಲಕ್ಕೆ ಬಿಗಿದ ಮೇಜುಗಳು, ಮೇಜಿನ ಸುತ್ತ ದುಂಡನೆಯ ಪೀಠಗಳು. ಮೇಲೆ ಪಂಕಗಳು ತಿರುಗುತ್ತಿರುತ್ತವೆ. ಸಮಭಾಜಕ ವೃತ್ತದ ಪಕ್ಕದ ಆ ಸೆಖೆಗೆ ಅವು ಸಾಲುವುದಿಲ್ಲ. ಬೇಕಾದ ಮಳಿಗೆಯ ಮುಂದೆ ಸರದಿಯಲ್ಲಿ ನಿಂತು, ದುಡ್ಡು ಕೊಟ್ಟು, ತಟ್ಟೆಯನ್ನು ತಾನೇ ಹೊತ್ತುಕೊಂಡು ಬಂದು, ಖಾಲಿ ಕಂಡ ಪೀಠದ ಮೇಲೆ ಕೂಡಬೇಕು. ಎದುರಿಗೆ ಕುಳಿತವರು ಯಾರು ಎಂದು ಕೇಳುವ ಪದ್ಧತಿಯಿಲ್ಲ.

ಇಂಥ ಊಟದ ಮನೆಗಳು ಆ ನಗರದಲ್ಲಿ ನೂರಕ್ಕೂ ಹೆಚ್ಚು. ಬಹಳಷ್ಟು ಸಾದಾ ಸಿಮೆಂಟಿನ ಕಟ್ಟಡಗಳು. ನೋಡಲು ಚೆಂದವಾದುದು ಬ್ಯಾಂಕುಗಳ ಬೀದಿಯ ನಡುವಿನ ‘ಲಾವ್ ಪಾ ಸಾತ್’. ಹೊಕ್ಕಿಯೆನ್ ಎಂಬ ಚೀನೀ ನುಡಿಯಲ್ಲಿ ಹಾಗೆಂದರೆ ಹಳೆಯ ಮಾರುಕಟ್ಟೆ. ಎಂಟು ಮೂಲೆಯ ಈ ಕಟ್ಟಡ 1894ರಲ್ಲಿ ಎದ್ದದ್ದು. ಅದರ ಎರಕದ ಕಬ್ಬಿಣದ ಕಂಬ ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹಡಗಿನಲ್ಲಿ ಬಂದವು. 1973ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಸ್ಮಾರಕವೆಂದರೆ ಬೇಲಿ ಹಾಕಿ ಬೀಗ ಜಡಿಯುವ ನಮಗೆ ಒಂದು ವಿಷಯ ಸೋಜಿಗವಾಗಿ ಕಾಣುತ್ತದೆ: ಆ ಸ್ಮಾರಕದೊಳಗೆ ಈಗಲೂ ಜನ ಊಟ ಮಾಡುತ್ತಿದ್ದಾರೆ. ಸಂಜೆಯಾಯಿತೆಂದರೆ ಪಕ್ಕದ ರಸ್ತೆಯಲ್ಲಿ ವಾಹನಗಳನ್ನು ತಡೆದು ಮೇಜು ಹಾಕಿ, ಕಡ್ಡಿಗೆ ಚುಚ್ಚಿದ ಮಾಂಸವನ್ನು ಕೆಂಡದ ಮೇಲೆ ಸುಟ್ಟು ಕಡಲೆಕಾಯಿಯ ಗೊಜ್ಜಿನೊಡನೆ ಕೊಡುತ್ತಾರೆ. ಅದು ಮಲಯರ ‘ಸಾತೆ’.

ಇಷ್ಟು ಬಗೆಯ ಒಲೆಗಳು ಒಂದು ಕಡೆ ಸೇರಿದ್ದು ಹೇಗೆ? ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫಲ್ಸ್ 1819ರಲ್ಲಿ ಆ ದ್ವೀಪದಲ್ಲಿ ವ್ಯಾಪಾರದ ಠಾಣ್ಯವನ್ನು ಹಾಕಿದ ಮೇಲೆ ಕೂಲಿಗೂ ವ್ಯಾಪಾರಕ್ಕೂ ಎಲ್ಲ ದಿಕ್ಕಿನಿಂದ ಜನ ಬಂದರು. ಚೀನದ ದಕ್ಷಿಣ ಕರಾವಳಿಯಿಂದ ಹೊಕ್ಕಿಯೆನ್, ತಿಯೋಚ್ಯು, ಕ್ಯಾಂಟನೀಸ್ ಜನ. ಜಾವಾ ಮಲಕ್ಕಗಳಿಂದ ಮಲಯ ನುಡಿಯವರು. ನಮ್ಮ ಕಡೆಯಿಂದ ತಮಿಳರು, ಮಲಯಾಳಿಗಳು. ಬಂದವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರು. ಮೂಟೆ ಹೊತ್ತು ದಣಿದು ಬಂದವನಿಗೆ ಅಡಿಗೆ ಮಾಡಿಕೊಳ್ಳಲು ಮನೆಯೂ ಇಲ್ಲ, ಹೊತ್ತೂ ಇಲ್ಲ. ಅಂಥವನ ಹಸಿವನ್ನು ನಂಬಿಕೊಂಡು, ಹೆಗಲ ಮೇಲಿನ ಅಡ್ಡೆಯ ಒಂದು ತುದಿಗೆ ಒಲೆಯನ್ನೂ ಇನ್ನೊಂದು ತುದಿಗೆ ಪಾತ್ರೆಯನ್ನೂ ತೂಗುಹಾಕಿಕೊಂಡು ಬೀದಿ ಬೀದಿ ತಿರುಗಿದವನೇ ಇಂದಿನ ಮಳಿಗೆಯವನ ಮೂಲಪುರುಷ. ಬಡವನೊಬ್ಬ ತನಗಿಂತ ಬಡವನಾದವನಿಗೆ ಅಡಿಗೆ ಮಾಡಿ ಹಾಕಿದ ಕಥೆ ಅದು.

ಬೀದಿಯ ಅಡಿಗೆಗೆ ಬೀದಿಯ ಕಷ್ಟಗಳೂ ಇದ್ದವು. ನಲ್ಲಿಯಿಲ್ಲ, ತೊಳೆದ ನೀರಿನಲ್ಲಿಯೇ ಮತ್ತೆ ತಟ್ಟೆ ತೊಳೆಯುವುದು, ಎಂಜಲು ಚರಂಡಿಗೆ ಬಿದ್ದು ಇಲಿಯೂ ರೋಗವೂ ಬೆಳೆಯುವುದು. ಪೊಲೀಸಿನವನು ಬಂದರೆ ಒಲೆ ಹೊತ್ತುಕೊಂಡು ಓಡಬೇಕು. 1965ರಲ್ಲಿ ಸ್ವತಂತ್ರ ರಾಷ್ಟ್ರವಾದ ಸಿಂಗಪುರ 1968 ಮತ್ತು 1969ರಲ್ಲಿ ಈ ಬೀದಿ ವ್ಯಾಪಾರಿಗಳನ್ನೆಲ್ಲ ಎಣಿಸಿ ದಾಖಲೆ ಮಾಡಿಕೊಂಡಿತು. ಸುಮಾರು 18,000 ಜನ ಲೆಕ್ಕಕ್ಕೆ ಸಿಕ್ಕಿದರು. ಆಮೇಲೆ 1971ರಿಂದ 1986ರವರೆಗೆ ನಲ್ಲಿ, ಚರಂಡಿ, ದೀಪ, ಮಾಡುಗಳಿರುವ ಕಟ್ಟಡಗಳನ್ನು ಒಂದೊಂದಾಗಿ ಕಟ್ಟಿಸಿ ಅವರನ್ನು ಅಲ್ಲಿಗೆ ಸಾಗಿಸಿತು. ಎಲ್ಲರೂ ನಗುನಗುತ್ತ ಹೋದರೆಂದಲ್ಲ. ಹಳೆಯ ಬೀದಿಯನ್ನೂ ಹಳೆಯ ಗಿರಾಕಿಗಳನ್ನೂ ಬಿಟ್ಟು ಬರುವುದು ಯಾರಿಗೂ ಸುಲಭವಲ್ಲ. ಆದರೆ ಬೀದಿಯಿಂದ ಎಬ್ಬಿಸಿದ ಮೇಲೆ ಕೂಡಲು ಸ್ಥಳ ಕೊಟ್ಟರು ಎಂಬುದನ್ನು ಮರೆಯಬಾರದು. ನಮ್ಮ ದೇಶದಲ್ಲಿ ಬೀದಿ ವ್ಯಾಪಾರಿಗಳ ಬದುಕನ್ನು ಕಾಪಾಡುವ ಕಾಯಿದೆ ಬಂದದ್ದು 2014ರಲ್ಲಿ. ಎಬ್ಬಿಸುವ ಕೆಲಸವನ್ನು ನಾವು ಅದಕ್ಕೆ ಬಹಳ ಮೊದಲೇ ಕಲಿತಿದ್ದೆವು.

ಒಂದು ಮಾಡಿನ ಕೆಳಗೆ ಒಲೆಗಳು ಅಕ್ಕಪಕ್ಕದಲ್ಲಿ ಉರಿದಾಗ ಒಂದರ ಘಮ ಇನ್ನೊಂದಕ್ಕೆ ಹತ್ತದೆ ಇರುವುದಿಲ್ಲ. ಬೀದಿಯ ಕಾಲದಲ್ಲಿಯೇ ಮೊದಲಾದ ಈ ಕೊಡುಕೊಳುಗೆ ಅಲ್ಲಿಯ ತಟ್ಟೆಗಳಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಚೀನೀಯರ ಹಳದಿ ಶಾವಿಗೆಯನ್ನು ತಮಿಳು ಮುಸಲ್ಮಾನರು ಮೆಣಸಿನಕಾಯಿ, ಟೊಮೆಟೊ ಹಾಕಿ ಹುರಿದು ‘ಮೀ ಗೋರೆಂಗ್’ ಮಾಡಿದರು. ಶಾವಿಗೆ ಚೀನದ್ದು, ಹೆಸರು ಮಲಯದ್ದು, ಕೈ ತಮಿಳರದು. ಆ ರೂಪದಲ್ಲಿ ಆ ತಿಂಡಿ ಚೀನದಲ್ಲಿಯೂ ಇಲ್ಲ, ತಮಿಳುನಾಡಿನಲ್ಲಿಯೂ ಇಲ್ಲ. ನಮ್ಮ ಪರೋಟ ಅಲ್ಲಿ ‘ಪ್ರಾಟ’ ಆಗಿ ಎಲ್ಲ ಜಾತಿಯವರ ಬೆಳಗಿನ ತಿಂಡಿಯಾಗಿದೆ. ಅದನ್ನು ಬೀಸಿ ತಟ್ಟುವ ಅಂಗಡಿಯವರನ್ನು ಜನ ‘ಮಾಮಕ್’ ಎನ್ನುತ್ತಾರೆ. ಆ ಮಾತಿನ ಬೇರು ನಮ್ಮ ನಿಮ್ಮ ಮನೆಯ ‘ಮಾಮ’ನೇ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕೇರಳದ ಕಡೆಯ ಒಬ್ಬರು, ಚೀನೀ ಗಿರಾಕಿಗಳಿಗೆ ಮೀನಿನ ತಲೆಯ ಮೇಲೆ ಇರುವ ಪ್ರೀತಿಯನ್ನು ಕಂಡು, ಅದನ್ನು ತಮ್ಮ ಊರಿನ ಹುಳಿಖಾರದಲ್ಲಿ ಬೇಯಿಸಿಕೊಟ್ಟರು. ಇಂದು ಅದು ಆ ದೇಶದ ಹೆಸರಾಂತ ಅಡಿಗೆಗಳಲ್ಲಿ ಒಂದು.

ಹೈನಾನ್ ದ್ವೀಪದವರ ಕಥೆಯೂ ಹೀಗೆಯೇ. ಚೀನೀಯರಲ್ಲಿ ಅವರು ತಡವಾಗಿ ಬಂದವರು. ಲಾಭದ ಕಸುಬುಗಳನ್ನೆಲ್ಲ ಉಳಿದವರು ಆಗಲೇ ಹಿಡಿದುಕೊಂಡಿದ್ದುದರಿಂದ ಅವರು ಬ್ರಿಟಿಷರ ಮನೆಗಳಲ್ಲಿಯೂ ಹಡಗುಗಳಲ್ಲಿಯೂ ಅಡಿಗೆಯವರಾದರು. ಮುಂದೆ ಕಾಫಿ ಅಂಗಡಿಗಳನ್ನು ಇಟ್ಟರು. ಕೋಳಿಯನ್ನು ಮೆತ್ತಗೆ ಬೇಯಿಸಿ, ಆ ನೀರಿನಲ್ಲಿಯೇ ಶುಂಠಿ ಬೆಳ್ಳುಳ್ಳಿ ಹಾಕಿ ಅನ್ನ ಮಾಡಿ ಅವರು ಮಾರಿದ ತಟ್ಟೆ ಈಗ ರಾಷ್ಟ್ರದ ಊಟವೆಂಬ ಹೆಸರು ಪಡೆದಿದೆ. ತಡವಾಗಿ ಬಂದವನಿಗೆ ಒಲೆಯ ಮುಂದಿನ ಜಾಗವೊಂದೇ ಉಳಿದಿರುತ್ತದೆ. ಮಂಗಳೂರು ಉಡುಪಿಗಳ ಕಡೆಯಿಂದ ಮುಂಬಯಿಗೆ ಹೋದ ನಮ್ಮ ಎಷ್ಟೋ ಹುಡುಗರಿಗೂ ಇದು ಗೊತ್ತು.

ಕಾಫಿ ಕೇಳುವ ಭಾಷೆಯಲ್ಲಿಯೂ ಈ ಬೆರಕೆಯನ್ನು ಕಾಣಬಹುದು. ಕಾಫಿಗೆ ಮಲಯದ ಮಾತು ‘ಕೋಪಿ’. ಹಾಲಿಲ್ಲದ ಕರಿಕಾಫಿ ಬೇಕಾದರೆ ಹೊಕ್ಕಿಯೆನ್ ನುಡಿಯ ‘ಓ’ ಸೇರಿಸಬೇಕು. ಸಕ್ಕರೆ ಬೇಡವೆಂದರೆ ಮಲಯದ ‘ಕೊಸೊಂಗ್’, ಹಾಗೆಂದರೆ ಬರಿದು. ‘ಕೋಪಿ ಓ ಕೊಸೊಂಗ್’ ಎಂದು ಒಬ್ಬ ತಮಿಳು ಮುದುಕರು ಚೀನೀ ಅಂಗಡಿಯವನಿಗೆ ಹೇಳಿದ್ದನ್ನು ಕೇಳಿದಾಗ, ಮೂರು ಮಾತಿನ ಆ ವಾಕ್ಯಕ್ಕೆ ಯಾವ ಪಂಡಿತನ ವ್ಯಾಕರಣವೂ ಬೇಕಾಗಿಲ್ಲವೆಂದು ನನಗೆ ಅನ್ನಿಸಿತು. ಆ ಕಾಫಿಯನ್ನು ಬಟ್ಟೆಯ ಉದ್ದ ಚೀಲದಲ್ಲಿ ಸೋಸುತ್ತಾರೆ. ನಮ್ಮ ಹಳೆಯ ಹೋಟೆಲುಗಳ ಬಟ್ಟೆ ಸೋಸಣಿಗೆಯನ್ನು ಕಂಡವರಿಗೆ ಅದು ಹೊಸತಲ್ಲ. ಸೆರಂಗೂನ್ ರಸ್ತೆಯ ಮೊದಲಿನಲ್ಲಿರುವ ‘ತೆಕ್ಕಾ’ ಮಾರುಕಟ್ಟೆಯ ಊಟದ ಮನೆಯಲ್ಲಿ ‘ಪುಟು ಮಾಯಮ್’ ಎಂಬ ಅಪರಿಚಿತ ಹೆಸರಿನ ಕೆಳಗೆ ಇಟ್ಟಿದ್ದದ್ದು ನಮ್ಮ ಒತ್ತು ಶಾವಿಗೆ. ಮೇಲೆ ಕಾಯಿತುರಿ ಮತ್ತು ಕಿತ್ತಳೆ ಬಣ್ಣದ ಸಕ್ಕರೆ. ಹೆಸರನ್ನು ಗುರುತಿಸಲಾರದವರಿಗೂ ನಾಲಿಗೆ ಅದನ್ನು ಗುರುತಿಸಿ ಹೇಳುತ್ತದೆ.

ನಾನು ಸಸ್ಯಾಹಾರಿ. ಅಂಥ ಊರಿನಲ್ಲಿ ನಿಮ್ಮ ಗತಿ ಏನು ಎಂದು ಸ್ನೇಹಿತರು ಕೇಳಿದ್ದುಂಟು. ದೋಸೆ ಅಂಗಡಿಯೊಂದು ಎಲ್ಲಿಯಾದರೂ ಇದ್ದೇ ಇರುತ್ತದೆ. ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಚೀನೀ ಬೌದ್ಧರ ಸಸ್ಯಾಹಾರದ ಮಳಿಗೆಗಳು. ಕೆಲವು ಮಳಿಗೆಗಳ ಹಲಗೆಯ ಮೇಲೆ ಸ್ವಸ್ತಿಕದ ಗುರುತು. ಮಾಂಸ ಮೀನುಗಳಿರಲಿ, ಈರುಳ್ಳಿ ಬೆಳ್ಳುಳ್ಳಿ ಮೊದಲಾದ ಐದು ಬಗೆಯ ಘಾಟು ಪದಾರ್ಥಗಳನ್ನೂ ಅಲ್ಲಿ ಸೇರಿಸುವುದಿಲ್ಲ. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ, ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಮಾಂಸ ತಿನ್ನುವ ಚೀನೀಯರೂ ವ್ರತವೆಂದು ಇಲ್ಲಿಗೆ ಬರುತ್ತಾರೆ. ಆ ದಿನ ಸರದಿ ಉದ್ದ. ಸೋಯಾ ಮತ್ತು ಗೋಧಿಯ ಅಂಟಿನಿಂದ ಬಾತುಕೋಳಿಯ ತುಂಡಿನಂತೆ, ಮೀನಿನಂತೆ ಮಾಡಿದ ತಿನಿಸುಗಳನ್ನು ಅಲ್ಲಿ ಒಟ್ಟಿರುತ್ತಾರೆ. ಮಾಂಸ ಬಿಟ್ಟವರಿಗೆ ಮಾಂಸದ ರೂಪದ ಮೇಲೆ ಇಷ್ಟೇಕೆ ಮಮತೆ ಎಂದು ಕೇಳಬೇಕೆನ್ನಿಸುವುದು ಸಹಜ. ಏಕಾದಶಿಯ ಉಪವಾಸವೆಂದು ಅನ್ನವೊಂದನ್ನು ಬಿಟ್ಟು, ಉಪ್ಪಿಟ್ಟು ಅವಲಕ್ಕಿಗಳನ್ನು ಎರಡೆರಡು ಸಲ ಹಾಕಿಸಿಕೊಳ್ಳುವ ನಾವು ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದಿರುವುದು ಲೇಸು.

ಮಗಳ ಮನೆಯ ಹತ್ತಿರದ ಅಂಥ ಒಂದು ಮಳಿಗೆಯನ್ನು ಎಪ್ಪತ್ತರ ಅಂಚಿನ ಒಬ್ಬ ಚೀನೀ ಹೆಂಗಸು ನಡೆಸುತ್ತಾರೆ. ಅಲ್ಲಿ ವಯಸ್ಸಾದ ಅಂಗಡಿಯಾಕೆ ಎಲ್ಲರಿಗೂ ‘ಆಂಟಿ’. ನಮ್ಮಲ್ಲಿ ಹೂ ಮಾರುವಾಕೆಯನ್ನು ಅಮ್ಮ ಎಂದೋ ಅಜ್ಜಿ ಎಂದೋ ಕರೆಯುವ ಹಾಗೆ. ಅಕ್ಕಿಯ ಶಾವಿಗೆ, ಎಲೆಕೋಸಿನ ಪಲ್ಯ, ಸೋಯಾದ ಎರಡು ತುಂಡು, ಅಂಚಿಗೆ ಕೆಂಪು ಮೆಣಸಿನಕಾಯಿಯ ಚಟ್ನಿ. ಇಷ್ಟಕ್ಕೆ ಮೂರೂವರೆ ಡಾಲರು. ಬೆಳಗಿನ ಜಾವ ಮೂರಕ್ಕೆ ಎದ್ದು ಶಾವಿಗೆ ನೆನೆಹಾಕುವುದರಿಂದ ಮಧ್ಯಾಹ್ನ ಬಾಣಲೆ ತಿಕ್ಕಿ ಕವುಚುವವರೆಗೆ ಆಕೆ ಒಬ್ಬರದೇ ಕೆಲಸ. ಮಗಳು ನಡುವೆ ನಿಂತು ಮಾತನ್ನು ಅತ್ತಿತ್ತ ದಾಟಿಸುತ್ತಿದ್ದಳು. “ನಿಮ್ಮ ಮಗನಿಗೆ ಈ ಅಡಿಗೆ ಬರುತ್ತದೆಯೆ?” ಎಂದು ಕೇಳಿಸಿದೆ. “ತಿನ್ನುವುದು ಬರುತ್ತದೆ” ಎಂದು ನಕ್ಕರು. ಆಮೇಲೆ ಕೈ ಒರೆಸಿಕೊಳ್ಳುತ್ತ, ಆತನಿಗೆ ಕಚೇರಿಯ ಕೆಲಸವೆಂದೂ, ಅಲ್ಲಿ ತಂಪಾದ ಗಾಳಿಯಿದೆಯೆಂದೂ, ಈ ಒಲೆಯ ಮುಂದೆ ನಿಲ್ಲಲೆಂದು ತಾನು ಅವನನ್ನು ಓದಿಸಲಿಲ್ಲವೆಂದೂ ಹೇಳಿದರು. ಆ ಮಾತಿನಲ್ಲಿ ಹೆಮ್ಮೆಯಿತ್ತು. ಆದರೆ ಮುಂದಿನ ಗಿರಾಕಿಗೆ ತಟ್ಟೆ ತುಂಬುವಾಗ ಆಕೆ ಶಾವಿಗೆಯನ್ನು ಬಿಡಿಬಿಡಿಯಾಗಿ ಎತ್ತಿ ಹಾಕಿದ ರೀತಿಯನ್ನು ನೋಡಿ, ಆ ಕೈಯ ಹದ ಆಕೆಯೊಡನೆಯೇ ಮುಗಿಯುತ್ತದಲ್ಲ ಎಂದು ನನಗೆ ಕಳವಳವಾಯಿತು.

ಮತ್ತೆ ಮೇಜಿನ ವಿಷಯಕ್ಕೆ ಬರುತ್ತೇನೆ. ಅಲ್ಲಿಯ ಮೇಜಿಗೆ ತನ್ನದೇ ಆದ ಧರ್ಮಶಾಸ್ತ್ರವಿದೆ. ಖಾಲಿ ಪೀಠದ ಮುಂದೆ ಕಾಗದದ ಕರವಸ್ತ್ರದ ಒಂದು ಸಣ್ಣ ಪೊಟ್ಟಣ ಇಟ್ಟಿದ್ದರೆ ಆ ಸ್ಥಳವನ್ನು ಯಾರೋ ಹಿಡಿದಿದ್ದಾರೆ ಎಂದು ಅರ್ಥ. ಕೋಟ್ಯಧೀಶನೂ ಅದನ್ನು ತಳ್ಳಿ ಕೂಡುವುದಿಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವಲು ಎಸೆಯುವ ಸಂಪ್ರದಾಯಕ್ಕೆ ಇದು ದಾಯಾದಿ. ತಿಂದ ತಟ್ಟೆಯನ್ನು ಅದಕ್ಕಾಗಿ ಇಟ್ಟ ಕಪಾಟಿಗೆ ತಾನೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಇದನ್ನು ಕಾಯಿದೆಯಂತೆಯೇ ನಡೆಸುತ್ತಿದ್ದಾರೆ. ಮೊದಲ ಸಲ ಎಚ್ಚರಿಕೆ, ಮತ್ತೂ ಹಾಗೆಯೇ ಮಾಡಿದರೆ ದಂಡ. ಕಪಾಟುಗಳಲ್ಲಿ ಎರಡು ಬಗೆ: ಮುಸಲ್ಮಾನರ ಹಲಾಲ್ ಅಡಿಗೆಯ ತಟ್ಟೆಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು. ಹಂದಿಯ ಮಾಂಸ ಮುಟ್ಟಿದ ತಟ್ಟೆ ಅದನ್ನು ಮುಟ್ಟದವರ ತಟ್ಟೆಯೊಡನೆ ಸೇರುವುದಿಲ್ಲ.

ಹೀಗೆ ತಟ್ಟೆ ಬೇರೆ, ತೊಳೆಯುವುದು ಬೇರೆ, ಒಲೆ ಬೇರೆ, ಆದರೆ ಮೇಜು ಒಂದೇ. ತಲೆಗೆ ವಸ್ತ್ರ ಹೊದ್ದ ಮಲಯ ಹೆಂಗಸು, ಹಂದಿಮಾಂಸದ ಶಾವಿಗೆ ತಿನ್ನುವ ಚೀನೀ ಗುಮಾಸ್ತ, ಸೋಯಾದ ತುಂಡನ್ನು ಮುಂದಿಟ್ಟುಕೊಂಡ ನಾನು, ಮೂವರೂ ಒಂದೇ ಮೇಜಿನಲ್ಲಿ ಕುಳಿತು ಉಂಡದ್ದುಂಟು. ಯಾರೂ ತಮ್ಮ ನೇಮವನ್ನು ಬಿಡಲಿಲ್ಲ, ಇನ್ನೊಬ್ಬರ ನೇಮಕ್ಕೆ ಮೂಗು ಮುರಿಯಲೂ ಇಲ್ಲ. ಸಹಭೋಜನವೆಂದರೆ ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಎಲ್ಲರೂ ಉಣ್ಣುವುದು ಎಂದು ನಾವು ತಿಳಿದಿದ್ದೇವೆ. ಅದು ದೊಡ್ಡ ಆದರ್ಶವೇ. ಎಲ್ಲರೂ ಒಂದೇ ಅಡಿಗೆಯನ್ನು ಒಪ್ಪುವವರೆಗೆ ಕಾಯದೆ, ಅಕ್ಕಪಕ್ಕ ಕೂಡುವುದನ್ನು ಮೊದಲು ಅಭ್ಯಾಸ ಮಾಡಿಕೊಳ್ಳುವುದೂ ಒಂದು ದಾರಿಯೆಂದು ಆ ಮೇಜು ಹೇಳುತ್ತದೆ. ಪ್ರೀತಿ ಹುಟ್ಟಲಿ ಬಿಡಲಿ, ಪರಿಚಯವಾದರೂ ಹುಟ್ಟುತ್ತದೆ.

ಹಾಗೆಂದು ಆ ಮೇಜಿಗೆ ಎಲ್ಲರೂ ಬರುತ್ತಾರೆಂದು ಭ್ರಮಿಸಬಾರದು. ಅಲ್ಲಿಯ ಎತ್ತರದ ಕಟ್ಟಡಗಳನ್ನು ಕಟ್ಟುತ್ತಿರುವ ತಮಿಳುನಾಡಿನ, ಬಾಂಗ್ಲಾದೇಶದ ಕೂಲಿಗಾರರಲ್ಲಿ ಎಷ್ಟೋ ಮಂದಿ ಗುತ್ತಿಗೆಯ ಅಡಿಗೆಮನೆಯಿಂದ ಬಂದ ಪೊಟ್ಟಣದ ಊಟವನ್ನೇ ನಂಬಿರುವವರು. ಅದನ್ನು ರಾತ್ರಿ ಮಾಡಿ, ನಸುಕಿನಲ್ಲಿ ಹಂಚಿ, ಮಧ್ಯಾಹ್ನ ತಿನ್ನುತ್ತಾರೆ. ಇನ್ನೂರು ವರ್ಷಗಳ ಹಿಂದೆ ಬೀದಿಯ ಅಡಿಗೆಯನ್ನು ಹುಟ್ಟಿಸಿದ್ದು, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಇಂಥ ಮನುಷ್ಯನ ಹಸಿವೇ. ಮಾಡು ಬಂದಿತು, ನಲ್ಲಿ ಬಂದಿತು. ಆ ಮನುಷ್ಯ ಮಾತ್ರ ಇನ್ನೂ ಹೊರಗೆ ಕುಳಿತು ಉಣ್ಣುತ್ತಿದ್ದಾನೆ.

ಇನ್ನು ಬೆಲೆಯ ಮಾತು. ಬೀದಿಯಿಂದ ಒಳಗೆ ಬಂದ ಮೊದಲ ತಲೆಮಾರಿನ ವ್ಯಾಪಾರಿಗಳಿಗೆ ಸರ್ಕಾರ ರಿಯಾಯಿತಿಯ ಬಾಡಿಗೆಯನ್ನು ಗೊತ್ತುಮಾಡಿತು. ಅನಂತರ ಬಂದವರು ಟೆಂಡರು ಹಾಕಿ ಮಳಿಗೆ ಹಿಡಿಯಬೇಕು. ಸಾಮಾನ್ಯವಾಗಿ ಈ ಬಾಡಿಗೆ ಹೊರಗಿನ ಅಂಗಡಿಗಳಷ್ಟು ಇರುವುದಿಲ್ಲ. ಆದರೂ 2024ರಲ್ಲಿ ಒಂದು ಮಳಿಗೆಗೆ ತಿಂಗಳಿಗೆ 10,000 ಡಾಲರಿಗೂ ಹೆಚ್ಚಿನ ಕೂಗು ಬಂದು ಊರೆಲ್ಲ ಬೆರಗಾಯಿತು. ಮೂರೂವರೆ ಡಾಲರಿನ ತಟ್ಟೆಗಳನ್ನು ಎಷ್ಟು ಮಾರಿದರೆ ಆ ಬಾಡಿಗೆ ಹುಟ್ಟೀತು ಎಂಬ ಲೆಕ್ಕವನ್ನು ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲ. ಮಳಿಗೆಯವರ ವಯಸ್ಸನ್ನು ಏರಿಕೆಯ ಸಾಲಿನಲ್ಲಿ ಬರೆದರೆ ಅದರ ನಟ್ಟನಡುವೆ ಬರುವ ಅಂಕೆ 60ರ ಆಸುಪಾಸು; ಅಂದರೆ ಒಲೆಯ ಮುಂದೆ ನಿಂತವರಲ್ಲಿ ಅರ್ಧದಷ್ಟು ಜನ, ನಮ್ಮಲ್ಲಿ ಸರ್ಕಾರಿ ನೌಕರರು ನಿವೃತ್ತರಾಗುವ ವಯಸ್ಸನ್ನು ಮುಟ್ಟಿದವರು.

ಗೌರವಗಳಿಗೇನೂ ಕೊರತೆಯಿಲ್ಲ. 2016ರಲ್ಲಿ ಫ್ರಾನ್ಸಿನ ಪ್ರಸಿದ್ಧ ಮಿಶೆಲಿನ್ ಕೈಪಿಡಿ ಸಿಂಗಪುರದ ಎರಡು ಬೀದಿಯಡಿಗೆಯ ಮಳಿಗೆಗಳಿಗೆ ತನ್ನ ನಕ್ಷತ್ರವನ್ನು ಕೊಟ್ಟಿತು. ಅವುಗಳಲ್ಲಿ ಒಂದು ಚಾನ್ ಹೊನ್ ಮೆಂಗ್ ಎಂಬುವರದು. ಸುಮಾರು ಎರಡು ಡಾಲರಿಗೆ ಅವರು ಮಾರುತ್ತಿದ್ದ ಕೋಳಿ ಅನ್ನ, ಜಗತ್ತಿನಲ್ಲಿ ನಕ್ಷತ್ರ ಪಡೆದ ಊಟಗಳಲ್ಲೆಲ್ಲ ಅತ್ಯಂತ ಅಗ್ಗದ್ದೆಂದು ಹೆಸರಾಯಿತು. ಆ ನಕ್ಷತ್ರ 2021ರಲ್ಲಿ ಕೈತಪ್ಪಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಈ ಬೀದಿಯಡಿಗೆಯ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಪರಂಪರೆಯೆಂದು ಹೊಗಳಿಸಿಕೊಂಡ ತಟ್ಟೆಗೆ ಐವತ್ತು ಸೆಂಟು ಏರಿಸಿದ ದಿನ ಹಳೆಯ ಗಿರಾಕಿಗಳ ಮುಖ ನೋಡಲಾಗಲಿಲ್ಲವೆಂದು ನಮ್ಮ ಆಂಟಿ ಹೇಳಿದರು. ಅದೇ ಗಿರಾಕಿ ತಂಪಾದ ಉಪಾಹಾರ ಮಂದಿರದಲ್ಲಿ ಒಂದು ಬೋಗುಣಿ ಜಪಾನೀ ಶಾವಿಗೆಗೆ ಇಪ್ಪತ್ತು ಡಾಲರು ಕೊಟ್ಟು ಸುಮ್ಮನೆ ಎದ್ದು ಬರುತ್ತಾನೆ. ಹೊರಗಿನಿಂದ ಬಂದ ಅಡಿಗೆಗೆ ಬೆಲೆ, ಮನೆಯದಕ್ಕೆ ಬರಿಯ ಹೊಗಳಿಕೆ. ಈ ನ್ಯಾಯ ಆ ಒಂದು ಊರಿಗೆ ಸೇರಿದ್ದೇನೂ ಅಲ್ಲ.

ಅಗ್ಗದ ಊಟಕ್ಕೆ ಬೆಲೆಯೇ ಇಲ್ಲವೆಂದಲ್ಲ. ಅದನ್ನು ತೆರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕನ್ನಡಿಗರಾದ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1975ರಲ್ಲಿ ಬಂದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗಳ ಬೆಲೆಯನ್ನು ಸರ್ಕಾರ ಬಹಳ ಕೆಳಗೆ ಕಟ್ಟಿಹಾಕಿತು. 1924ರಿಂದ ನಡೆದುಬಂದಿದ್ದ ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯವರು ಆ ಬೆಲೆಗೆ ತಮ್ಮ ಗುಣವನ್ನು ಉಳಿಸಿಕೊಳ್ಳುವುದು ಸಾಧ್ಯವಾಗದೆ ನಷ್ಟಕ್ಕೆ ಸಿಕ್ಕಿ, ಹೋಟೆಲನ್ನು ಕೆಲಕಾಲ ಮುಚ್ಚಿ, ಸಿದ್ಧಪಡಿಸಿದ ಹಿಟ್ಟು ಪುಡಿಗಳ ವ್ಯಾಪಾರಕ್ಕೆ ಕೈಹಾಕಿದರು. ಇಡ್ಲಿ ಅಗ್ಗವಾಗಬೇಕೆಂದು ಹೊರಟ ಕಟ್ಟಳೆ ಇಡ್ಲಿಯ ಒಲೆಯನ್ನೇ ಆರಿಸಿದ ಹಾಗಾಯಿತು. ಒಲೆ ಮತ್ತೆ ಹೊತ್ತಿತು; 2013ರಲ್ಲಿ ಅದರ ಒಂದು ಕಿಡಿ ಸಿಂಗಪುರದ ಸೆರಂಗೂನ್ ರಸ್ತೆಗೂ ತಲುಪಿತು. 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟವೆಂದು ಗೊತ್ತುಮಾಡಿದರು. ಅಲ್ಲಿ ಉಳಿದ ಬೆಲೆಯನ್ನು ಸರ್ಕಾರ, ಎಂದರೆ ತೆರಿಗೆ ಕೊಡುವ ನಾವೆಲ್ಲ, ತಿಳಿದೇ ತೆರುತ್ತೇವೆ.

ಹೀಗೆ ಅಗ್ಗದ ಊಟದ ಕೊರತೆಯನ್ನು ತುಂಬಿಕೊಡಲು ಮೂರು ದಾರಿಗಳಿವೆ. ಉಣ್ಣುವವನು ಸ್ವಲ್ಪ ಹೆಚ್ಚು ಕೊಡಬೇಕು. ಇಲ್ಲವೆ ಊರು ಒಟ್ಟಾಗಿ ಕೊಡಬೇಕು. ಇವೆರಡೂ ಆಗದಿದ್ದರೆ ಅಡಿಗೆ ಮಾಡುವವಳು ತನ್ನ ಮೈಯಿಂದ, ನಿದ್ದೆಯಿಂದ, ಮಗನಿಗೆ ಈ ಕಸುಬು ಬೇಡವೆಂಬ ನಿರ್ಧಾರದಿಂದ ತೆರಬೇಕು. ಮೊದಲ ಎರಡರಲ್ಲಿ ಯಾವುದು ಸರಿ, ಎಷ್ಟರಮಟ್ಟಿಗೆ ಸರಿ ಎಂದು ಒಂದು ಊರಿನ ಜನ ಕುಳಿತು ವಾದಿಸಬಹುದು. ಮೂರನೆಯದನ್ನು ಯಾರೂ ವಾದಿಸಿ ಆರಿಸಿಕೊಳ್ಳುವುದಿಲ್ಲ. ಉಳಿದವರೆಲ್ಲ ಸುಮ್ಮನಿದ್ದುದರಿಂದ ಅದು ತಾನಾಗಿ ನಡೆಯುತ್ತದೆ. ಒಂದು ದಿನ ಆ ಕೈ ಸೋತು ಮಳಿಗೆಯ ಬಾಗಿಲು ಮುಚ್ಚಿದಾಗ, ಎಂಥ ರುಚಿ ಹೋಯಿತು ಎಂದು ಎಲ್ಲರೂ ಮರುಗುತ್ತಾರೆ.

ಊಟ ಮುಗಿಸಿ ಏಳುವಾಗ ‘ಅನ್ನದಾತಾ ಸುಖೀ ಭವ’ ಎನ್ನುವುದು ನಮ್ಮ ಹಿರಿಯರ ರೂಢಿ. ಕಾಸು ತೆಗೆದುಕೊಳ್ಳದೆ ಬಡಿಸಿದವನಿಗೆ ಸಲ್ಲುತ್ತಿದ್ದ ಹರಕೆ ಅದು. ಕಾಸು ಕೊಟ್ಟ ಮೇಲೆ ಋಣ ತೀರಿತು ಎಂದು ನಾವು ಹೋಟೆಲಿನಲ್ಲಿ ಅದನ್ನು ಹೇಳುವುದಿಲ್ಲ. ಆದರೆ ಮೂರಕ್ಕೆ ಎದ್ದು ನಮಗಾಗಿ ಒಲೆ ಹೊತ್ತಿಸಿದವರ ಋಣ ಆ ಅಗ್ಗದ ಕಾಸಿನಲ್ಲಿ ತೀರಿದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಅನ್ನ ಕೊಟ್ಟವರು ಸುಖವಾಗಿರಲಿ ಎಂದು ಬಾಯಲ್ಲಿ ಹರಸಿದರೆ ಸಾಲದು. ಆ ಸುಖಕ್ಕೆ ಬೇಕಾದಷ್ಟನ್ನು ತಟ್ಟೆಯ ಬೆಲೆಯಲ್ಲಿಯೋ ಊರಿನ ಬೊಕ್ಕಸದಲ್ಲಿಯೋ ಎತ್ತಿಡಲೇಬೇಕು. ಹಲವು ಒಲೆಗಳು ಉರಿಯುತ್ತಿದ್ದರೆ ತಾನೆ, ಒಂದು ಮೇಜಿನ ಸುತ್ತ ಹಲವರು ಕೂಡುವುದು?